ಜನರೇಟರ್ ಸುಮ್ಮನಿದ್ದ ಭಾನುವಾರ

ಮಿಂಚು ಗಾಳಿಯನ್ನು ಏನು ಮಾಡುತ್ತದೆ ಎಂದು ಅಳೆಯಲು ನಾವು ಹಿಡಿದ ಜಾಗ ಯಾರಿಗೂ ಸರಿಕಂಡಿರಲಿಲ್ಲ. ಎಲೆಕ್ಟ್ರಾನಿಕ್ ಸಿಟಿ ದಾಟಿ ಆನೇಕಲ್ ಕಡೆ ಹೋಗುವಾಗ ಸಿಗುವ ಒಂದು ಕಂಪನಿಯ ತರಬೇತಿ ಕಟ್ಟಡ, ಅದರ ತಾರಸಿ. ಉತ್ತರಕ್ಕೆ ಕಾರ್ಖಾನೆಗಳು, ಹೊಸೂರು ರಸ್ತೆಯ ಲಾರಿಗಳು. ದಕ್ಷಿಣಕ್ಕೆ ಕಲ್ಲು ನೆಟ್ಟು ಸೈಟು ಗುರುತಿಸಿದ ಬಯಲು, ಅಲ್ಲಲ್ಲಿ ರಾಗಿ ಹೊಲ, ಗುಲಾಬಿ ಬೆಳೆಯುವ ಪ್ಲಾಸ್ಟಿಕ್ ಮನೆಗಳು. ಇಂಥ ಹೊಗೆಯ ನಡುವೆ ಮಿಂಚಿನ ಪಾಲು ಎಷ್ಟು ಎಂದು ಹೇಗೆ ಬೇರ್ಪಡಿಸುತ್ತೀರಿ ಎಂದು ಕೇಳಿದವರಿಗೆ ನಮ್ಮ ಗುಂಪಿನ ಮುಖ್ಯಸ್ಥರು ಒಂದೇ ಉತ್ತರ ಕೊಡುತ್ತಿದ್ದರು: "ಬೇರೆಯವರ ಹತ್ರ ವಿಮಾನ ಇದೆ. ನಮ್ಮ ಹತ್ರ ತಾರಸಿ ಇದೆ."

ಮಿಂಚು ಹಾಯುವ ದಾರಿಯಲ್ಲಿ ಗಾಳಿ ಸೂರ್ಯನ ಮೇಲ್ಮೈಗಿಂತಲೂ ಹೆಚ್ಚು ಕಾಯುತ್ತದೆ. ಸಾಮಾನ್ಯವಾಗಿ ಯಾವುದಕ್ಕೂ ಜಗ್ಗದ ಸಾರಜನಕ ಆ ಕಾವಿಗೆ ಒಡೆಯುತ್ತದೆ, ಆಮ್ಲಜನಕವೂ ಒಡೆಯುತ್ತದೆ. ಮರುಕ್ಷಣವೇ ಗಾಳಿ ತಣಿಯುತ್ತದೆ. ಒಡೆದ ಚೂರುಗಳಿಗೆ ತಮ್ಮ ತಮ್ಮ ಜೊತೆಯನ್ನು ಮತ್ತೆ ಹುಡುಕಿಕೊಳ್ಳುವಷ್ಟು ಹೊತ್ತು ಸಿಗುವುದಿಲ್ಲ. ಸಾರಜನಕದ ಒಂದಕ್ಕೆ ಆಮ್ಲಜನಕದ ಒಂದು ಅಂಟಿಕೊಂಡು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವಾಗಿ ಉಳಿದುಬಿಡುತ್ತದೆ. ಈ ಅನಿಲ ಬಹಳ ಚಟುವಟಿಕೆಯದು. ಮೇಲೆ ಮೋಡದ ಎತ್ತರದಲ್ಲಿ ಬಿಸಿಲು ಬಿದ್ದರೆ ಓಝೋನ್ ಹುಟ್ಟಲು ಕಾರಣವಾಗುತ್ತದೆ. ಕೆಳಗೆ ಬಂದರೆ ಇದ್ದ ಓಝೋನನ್ನು ತಿಂದುಹಾಕುತ್ತದೆ. ಕೊನೆಗೆ ಆಮ್ಲವಾಗಿ ಮಳೆನೀರಿನಲ್ಲಿ ಕರಗಿ ಮಣ್ಣಿಗೆ ಸೇರುತ್ತದೆ. ಒಂದು ಸಿಡಿಲಿನಿಂದ ಇದು ಎಷ್ಟು ಹುಟ್ಟುತ್ತದೆ ಎಂಬುದರ ಬಗ್ಗೆ ಮಾತ್ರ ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಹೊಂದುವುದಿಲ್ಲ. ನಮ್ಮ ಊರಿನ ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯಲ್ಲಿ ಅಳೆದವರಂತೂ ನಮಗೆ ತಿಳಿದಂತೆ ಯಾರೂ ಇರಲಿಲ್ಲ.

ತೊಂದರೆ ಏನೆಂದರೆ ಡೀಸೆಲ್ ಎಂಜಿನ್ನೂ ಇದೇ ಅನಿಲವನ್ನು ಉಗುಳುತ್ತದೆ. ಎಂಜಿನ್ನಿನ ಒಳಗಿನ ಬೆಂಕಿ ಗಾಳಿಗೆ ಮಾಡುವುದೂ ಅದನ್ನೇ.

ತಾರಸಿಯ ಮೆಟ್ಟಿಲು ಮುಗಿಯುವಲ್ಲಿದ್ದ ಸಣ್ಣ ಕೋಣೆಯಲ್ಲಿ ಯಂತ್ರಗಳನ್ನಿಟ್ಟೆವು. ಮುಖ್ಯ ಯಂತ್ರ ಹೊರಗಿನ ಗಾಳಿಯನ್ನು ಟೆಫ್ಲಾನ್ ಕೊಳವೆಯಲ್ಲಿ ಎಳೆದುಕೊಂಡು ಅದಕ್ಕೆ ಓಝೋನ್ ಬೆರೆಸುತ್ತದೆ. ಎರಡೂ ಕೂಡುವಾಗ ಕಣ್ಣಿಗೆ ಕಾಣದಷ್ಟು ಮಂದವಾದ ಬೆಳಕು ಹುಟ್ಟುತ್ತದೆ. ಆ ಬೆಳಕನ್ನು ಅಳೆದರೆ ನೈಟ್ರಿಕ್ ಆಕ್ಸೈಡ್ ಎಷ್ಟಿದೆ ಎಂದು ತಿಳಿಯುತ್ತದೆ. ಜೊತೆಗೆ ಓಝೋನ್ ಅಳೆಯುವುದೊಂದು, ಗಾಳಿಯ ದಿಕ್ಕು ಹೇಳುವುದೊಂದು, ಮಿಂಚು ಹೊಡೆದಾಗ ಏಳುವ ರೇಡಿಯೋ ಕರಕರೆಯನ್ನು ಹಿಡಿದು ಎಣಿಸುವ ಸಣ್ಣ ಆಂಟೆನಾ ಒಂದು. ಗುಡುಗು ಶುರುವಾದ ಮೇಲೆ ಯಾರೂ ಬಯಲು ತಾರಸಿಗೆ ಕಾಲಿಡಬಾರದು ಎಂದು ಬಾಗಿಲಿಗೆ ಬರೆದು ಅಂಟಿಸಿದೆ. ಮಳೆನೀರು ಹಿಡಿಯುವ ಆಲಿಕೆಯ ಮುಚ್ಚಳ ತಾನಾಗಿ ತೆರೆಯುವಂತೆ ಒಂದು ಮೋಟಾರು ಕೂರಿಸಿದೆವು. ಅದು ಬೇಕಾದಾಗ ತೆರೆಯುತ್ತಿರಲಿಲ್ಲ, ಬೇಡವಾದಾಗ ತೆರೆದುಕೊಂಡು ಪಾರಿವಾಳದ ಪುಕ್ಕ ತುಂಬಿಸಿಕೊಳ್ಳುತ್ತಿತ್ತು.

ಮೊದಲ ಮಳೆಗೇ ನಮಗೆ ಬೇಕಾದದ್ದು ಸಿಕ್ಕಿತು ಅಂದುಕೊಂಡೆ. ಮಿಂಚು ಹತ್ತಿರ ಬಂದಂತೆ ಪರದೆಯ ಮೇಲಿನ ಗೆರೆ ಚಕ್ಕನೆ ಏರಿತು. ಎರಡನೆಯ ಮಳೆಗೂ ಹಾಗೇ. ನಾನು ಮುಖ್ಯಸ್ಥರಿಗೆ ಫೋನ್ ಮಾಡಿ ಸಂಭ್ರಮದಿಂದ ಹೇಳಿದೆ. ಅವರು ಕೇಳಿದ್ದು ಒಂದೇ: "ಕರೆಂಟು ಯಾವಾಗ ಹೋಯ್ತು?"

ಗುಡುಗು ಬಂದರೆ ನಮ್ಮಲ್ಲಿ ಕರೆಂಟು ಹೋಗುತ್ತದೆ. ಕರೆಂಟು ಹೋದರೆ ಕಟ್ಟಡದ ಹಿಂದಿರುವ ಜನರೇಟರ್ ಶುರುವಾಗುತ್ತದೆ. ಅದು ನನಗೆ ಗೊತ್ತಿತ್ತು, ಆದರೆ ಅದರ ಹೊಗೆ ತಾರಸಿಯವರೆಗೆ ಬರಲಾರದು ಎಂದುಕೊಂಡಿದ್ದೆ. ಅನುಮಾನ ತೀರಿಸಿಕೊಳ್ಳಲು ಕಾರ್ಬನ್ ಮೊನಾಕ್ಸೈಡ್ ಅಳೆಯುವ ಇನ್ನೊಂದು ಯಂತ್ರವನ್ನು ಬೇರೊಂದು ಪ್ರಯೋಗಾಲಯದಿಂದ ಬೇಡಿ ತಂದೆ. ಎಂಜಿನ್ ಈ ಅನಿಲವನ್ನೂ ಉಗುಳುತ್ತದೆ. ಮಿಂಚು ಲೆಕ್ಕಕ್ಕೆ ಬರುವಷ್ಟು ಉಗುಳುವುದಿಲ್ಲ. ಮುಂದಿನ ಮಳೆಯಲ್ಲಿ ಎರಡೂ ಗೆರೆಗಳು ಅಕ್ಕಪಕ್ಕ ಕೈಹಿಡಿದುಕೊಂಡು ಏರಿದವು. ನಾನು ಹಿಗ್ಗಿ ತೋರಿಸಿದ್ದೆಲ್ಲ ಡೀಸೆಲ್ ಹೊಗೆ.

ಆವತ್ತೇ ಕೆಳಗಿಳಿದು ಜನರೇಟರ್ ಕೋಣೆಗೆ ಹೋದೆ. ಆಪರೇಟರ್ ಸ್ಟೂಲಿನ ಮೇಲೆ ಕೂತು ಕಿವಿಗೆ ಹತ್ತಿ ತುರುಕಿಕೊಳ್ಳುತ್ತಿದ್ದ. ಮೂವತ್ತರ ಆಸುಪಾಸಿನ, ಗಟ್ಟಿಮುಟ್ಟಾದ ಮನುಷ್ಯ. ಯಾದಗಿರಿ ಕಡೆಯವನು. ಹೆಂಡತಿ ಬೊಮ್ಮಸಂದ್ರದ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸಕ್ಕೆ ಹೋಗುತ್ತಾಳೆ, ಇಬ್ಬರೂ ಅಲ್ಲೇ ಸಾಲುಮನೆಯ ಒಂದು ಕೋಣೆಯಲ್ಲಿದ್ದಾರೆ ಎಂದು ಆಮೇಲೆ ತಿಳಿಯಿತು. ನಾನು ಬಂದ ಕಾರಣ ಹೇಳಿದೆ.

"ಅಂದ್ರ ನನ್ನ ಹೊಗಿ ನಿಮ್ಮ ಮಿಷನ್ನಿಗಿ ಬಡಿಲಾಕತ್ತದ ಅಂತೀರೇನು?" ಎಂದ.

"ಹೌದಣ್ಣ. ಯಾವಾಗ ಸ್ಟಾರ್ಟ್ ಆಯ್ತು ಅಂತ ನಂಗೆ ಕರೆಕ್ಟಾಗಿ ಗೊತ್ತಾದ್ರೆ ಸಾಕು."

"ಅದಕೇನ್ರಿ, ಚಾಲೂ ಮಾಡಿದ ಕೂಡ್ಲೆ ಒಂದು ಮಿಸ್ಡ್ ಕಾಲ್ ಕೊಡ್ತೀನಿ. ಬಂದ್ ಮಾಡಿದಾಗ ಎರಡು."

ಅಂದಿನಿಂದ ಹಾಗೇ ನಡೆಯಿತು. ನಾನು ಊಟಕ್ಕೆ ಕೂತಿರಲಿ, ಬಸ್ಸಿನಲ್ಲಿರಲಿ, ಫೋನು ಒಮ್ಮೆ ಗುಂಯ್ಗುಟ್ಟಿ ನಿಲ್ಲುತ್ತಿತ್ತು. ಒಂದು ಸಲವೂ ತಪ್ಪಿಸಲಿಲ್ಲ. ಯಾವಾಗಲಾದರೂ ತಾರಸಿಗೆ ಬಂದು ಪರದೆಯನ್ನು ನೋಡಿ, "ಇದು ನಂದೇನ್ರಿ ಗುಡ್ಡ?" ಎಂದು ತನ್ನ ಹೊಗೆಯ ಏರಿಕೆಯನ್ನು ತೋರಿಸಿ ನಗುತ್ತಿದ್ದ. ಇಂಥ ಯಂತ್ರ ನೋಡಿದ್ದೇನೆ ಎಂದು ಮನೆಯಲ್ಲೂ ಹೇಳುತ್ತಿದ್ದನಂತೆ.

ಮಿಸ್ಡ್ ಕಾಲ್‌ಗಳಿಂದ ಕೆಟ್ಟ ಭಾಗವನ್ನು ಕತ್ತರಿಸಿ ಹಾಕಲು ಸಾಧ್ಯವಾಯಿತು, ನಿಜ. ಆದರೆ ಕತ್ತರಿಸಿದ ಮೇಲೆ ಉಳಿದದ್ದರಲ್ಲಿ ಏನೂ ಇರಲಿಲ್ಲ. ಮಿಂಚು ಹತ್ತಿರ ಬಂದ ಹೊತ್ತೂ ಜನರೇಟರ್ ಓಡುವ ಹೊತ್ತೂ ಒಂದೇ. ಆ ವರ್ಷ ಪೂರ್ತಿ ಕೈಗೆ ಹತ್ತಿದ್ದು ಸೊನ್ನೆ. ಮರುವರ್ಷದ ಮಾರ್ಚಿನಲ್ಲಿ ಮತ್ತೆ ಯಂತ್ರಗಳನ್ನು ಒರೆಸಿ, ಕೊಳವೆ ಬದಲಿಸಿ, ಶುದ್ಧ ಗಾಳಿ ಮತ್ತು ಅಳತೆ ಗೊತ್ತಿರುವ ಅನಿಲ ಹಾಯಿಸಿ ಸರಿಮಾಡುತ್ತಿರುವಾಗ ನನಗೆ ಅನಿಸಿತು: ಹೊಗೆಯನ್ನು ಕಳೆಯುವ ಲೆಕ್ಕ ಬಿಡೋಣ, ಹೊಗೆಯನ್ನೇ ನಿಲ್ಲಿಸೋಣ.

ಕಟ್ಟಡದ ಉಸ್ತುವಾರಿ ನೋಡುತ್ತಿದ್ದ ಮ್ಯಾನೇಜರ್ ಒಳ್ಳೆಯ ಮನುಷ್ಯರು. ಜನರೇಟರ್ ನಿಲ್ಲಿಸಿ ಅಂದಾಗ ಹಣೆ ಉಜ್ಜಿಕೊಂಡರು.

"ವಾರದ ದಿನ ಚಾನ್ಸೇ ಇಲ್ಲ ಮೇಡಂ. ಟ್ರೈನಿಂಗ್ ನಡೀತಿರುತ್ತೆ, ಲಿಫ್ಟ್‌ನಲ್ಲಿ ಯಾರಾದ್ರೂ ಸಿಕ್ಕಾಕೊಂಡ್ರೆ ನನ್ನ ಕೆಲಸ ಹೋಗತ್ತೆ. ಸಂಡೇ ಬೇಕಾದ್ರೆ ನೋಡೋಣ. ಬಿಲ್ಡಿಂಗ್ ಖಾಲಿ ಇರುತ್ತೆ. ನಿಮ್ಮ ಮಿಷನ್‌ಗೆ ಯುಪಿಎಸ್ ಇದೆ ತಾನೆ?"

"ಇದೆ ಸಾರ್. ಸಂಡೇ ಸಾಕು."

"ಹಂಗಾದ್ರೆ ಆಪರೇಟರ್‌ಗೂ ಸಂಡೇ ರಜಾ ಕೊಟ್ಬಿಡ್ತೀನಿ. ಪಾಪ, ಭಾನುವಾರಾನೂ ಆ ಸದ್ದಲ್ಲಿ ಕೂತಿರ್ತಾನೆ."

ನನಗೆ ಅದೂ ಖುಷಿಯಾಯಿತು. ನಮ್ಮ ಕೆಲಸದಿಂದ ಒಬ್ಬರಿಗಾದರೂ ಉಪಯೋಗವಾಯಿತಲ್ಲ ಎಂದುಕೊಂಡೆ.

ಮೊದಲ ಕೆಲವು ಭಾನುವಾರ ಮೋಡ ಕವಿಯಲಿಲ್ಲ. ಒಂದು ಭಾನುವಾರ ಮೋಡ ಕವಿದು ಹೊಸೂರಿನ ಕಡೆ ತೇಲಿ ಹೋಯಿತು. ನಾನು ಫ್ಲಾಸ್ಕಿನಲ್ಲಿ ಚಹಾ ತಂದು ಮೆಟ್ಟಿಲ ಕೋಣೆಯಲ್ಲಿ ಕೂತು ಆಕಾಶ ನೋಡಿ ವಾಪಸು ಹೋಗುತ್ತಿದ್ದೆ.

ಮೇ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಸೆಕೆ ತಡೆಯಲಾಗುತ್ತಿರಲಿಲ್ಲ. ಊಟದ ಹೊತ್ತು ಕಳೆದ ಮೇಲೆ ಆನೇಕಲ್ ಕಡೆಯಿಂದ ಕಪ್ಪು ಮೋಡ ಎದ್ದಿತು. ಮೊದಲು ದೂಳು ಬಂತು, ಆಮೇಲೆ ತಣ್ಣನೆ ಗಾಳಿ. ಆಂಟೆನಾದ ಎಣಿಕೆ ಒಂದೊಂದಾಗಿ ಶುರುವಾಗಿ ಬಡಬಡ ಏರತೊಡಗಿತು. ಕರೆಂಟು ಹೋಯಿತು. ಅಭ್ಯಾಸಬಲದಿಂದ ಫೋನ್ ನೋಡಿದೆ. ಮಿಸ್ಡ್ ಕಾಲ್ ಇಲ್ಲ. ಕಟ್ಟಡದ ಹಿಂದೆ ಸದ್ದಿಲ್ಲ. ಮಳೆಯ ಸದ್ದೊಂದೇ, ಅದರೊಳಗೆ ಆಲಿಕಲ್ಲು ನೀರಿನ ಟ್ಯಾಂಕಿಗೆ ಬಡಿಯುವ ಸದ್ದು. ಭಾನುವಾರವಾದ್ದರಿಂದ ಸುತ್ತಲಿನ ಬಹುತೇಕ ಕಟ್ಟಡಗಳೂ ಮೌನವಾಗಿದ್ದವು.

ಅಷ್ಟು ಹತ್ತಿರದ ಸಿಡಿಲನ್ನು ನಾನು ಅದುವರೆಗೆ ಕೇಳಿರಲಿಲ್ಲ. ಬೆಳಕೂ ಸದ್ದೂ ಒಟ್ಟಿಗೇ ಬಂದವು, ಕಿಟಕಿಯ ಗಾಜು ಅದುರಿತು. ಯಂತ್ರ ಸುಟ್ಟಿತೇನೋ ಎಂದು ಹೆದರಿ ನೋಡಿದರೆ ಓಡುತ್ತಿತ್ತು. ಸ್ವಲ್ಪ ಹೊತ್ತಿಗೆ ನೈಟ್ರಿಕ್ ಆಕ್ಸೈಡಿನ ಗೆರೆ ನಿಧಾನವಾಗಿ ತಲೆಯೆತ್ತಿತು. ಡೀಸೆಲ್ಲಿನ ಗುಡ್ಡದಂತಲ್ಲ, ಒಂದು ದಿಬ್ಬ. ಅದೇ ಹೊತ್ತಿಗೆ ಓಝೋನಿನ ಗೆರೆ ಚೂರು ಕುಸಿಯಿತು. ಕಾರ್ಬನ್ ಮೊನಾಕ್ಸೈಡಿನ ಗೆರೆ ಅಲುಗಲಿಲ್ಲ. ಎರಡು ವರ್ಷ ಕಾದದ್ದು ಕಣ್ಣೆದುರಿಗೇ ಇತ್ತು. ಕೋಣೆಯಲ್ಲಿ ಒಬ್ಬಳೇ ಜೋರಾಗಿ ನಕ್ಕೆ. ಮುಖ್ಯಸ್ಥರಿಗೆ ಫೋನ್ ಮಾಡಿ "ಸಾರ್, ಬಂತು ಸಾರ್" ಎಂದಷ್ಟೇ ಹೇಳಿದೆ.

ಮಳೆ ನಿಂತು, ಯಂತ್ರಗಳ ದಾಖಲೆಯನ್ನು ನಕಲು ಮಾಡಿಕೊಂಡು, ಬ್ಯಾಗು ಹೆಗಲಿಗೆ ಹಾಕಿಕೊಳ್ಳುವಾಗ ಮ್ಯಾನೇಜರ್ ಫೋನ್ ಬಂತು.

"ಮೇಡಂ, ನಮ್ಮ ಜನರೇಟರ್ ಆಪರೇಟರ್ ಹೋಗ್ಬಿಟ್ಟ."

"ಎಲ್ಲಿಗೆ ಸಾರ್?"

"ಸಿಡ್ಲು ಹೊಡ್ದಿದೆ ಮೇಡಂ. ಲೇಔಟ್ ಹತ್ರ. ಆನೇಕಲ್ ಆಸ್ಪತ್ರೇಲಿ ಇಟ್ಟಿದಾರೆ. ನಾನು ಹೊರಟೆ."

ಅವರ ಕಾರಿನಲ್ಲೇ ಹೋದೆ. ಶವಾಗಾರದ ಹೊರಗೆ ಕಟ್ಟೆಯ ಮೇಲೆ ಅವನ ಹೆಂಡತಿ ಕೂತಿದ್ದಳು. ಒದ್ದೆ ಸೀರೆ ಮೈಮೇಲೇ ಆರುತ್ತಿತ್ತು. ಅವಳ ಊರಿನ ಕಡೆಯ ಮೂರ್ನಾಲ್ಕು ಮಂದಿ ಸುತ್ತ ನಿಂತಿದ್ದರು. ಅವರಲ್ಲಿ ಒಬ್ಬನಿಗೆ ತೋಳು ಸುಟ್ಟು ಬ್ಯಾಂಡೇಜು ಸುತ್ತಿತ್ತು. ನಾನು ಯಾರೆಂದು ಮ್ಯಾನೇಜರ್ ಹೇಳಿದರು. ಅವಳ ಪಕ್ಕ ಕೂತೆ. ಅವಳೇ ಮಾತು ತೆಗೆದಳು.

"ಒಳಗ ಜಾಗ ಇದ್ದಿಲ್ರಿ ಅಕ್ಕಾರ."

ಅವರ ಊರಿನವರೊಬ್ಬರ ಮಗುವಿನ ತೊಟ್ಟಿಲ ಕಾರ್ಯಕ್ಕೆ ಹೋಗಿದ್ದರು. ಸೈಟುಗಳ ಬಯಲಿನ ಆಚೆ ಕಟ್ಟಡ ಕೆಲಸದವರ ಶೆಡ್ಡುಗಳಿವೆ, ಅಲ್ಲಿ. ಊಟ ಮುಗಿಸಿ ಎಲ್ಲರೂ ಗುಂಪಾಗಿ ನಡೆದು ಬರುವಾಗ ಆಲಿಕಲ್ಲು ಬಿದ್ದಿದೆ. ಆ ಬಯಲಿನಲ್ಲಿ ಇದ್ದದ್ದು ಸಿಮೆಂಟು ಇಡುವ ಒಂದು ಇಟ್ಟಿಗೆ ಕೋಣೆ, ಒಂದು ಹುಣಸೆಮರ.

"ಹೆಣ್ಮಕ್ಳು, ಕೂಸುಗಳು ಒಳಗ ನಿಂತ್ವಿ. ಗಂಡಸರು ಹುಣಸಿ ಗಿಡದ ಬುಡಕ ಹೋದ್ರು. ನಾ ಬಾಗಲದಾಗ ನಿಂತು ಕರದೆ. ನೀ ಅಲ್ಲೇ ನಿಂದ್ರು, ತೊಯ್ಸಿಕೊಬ್ಯಾಡ ಅಂತ ಕೈ ಮಾಡಿದ್ರು. ಕೈ ಮಾಡಿದ್ದು ನೋಡೀನಿ. ಆಮ್ಯಾಲ ಬೆಳಕ ನೋಡೀನಿ."

ಮರುದಿನ ಆಂಬುಲೆನ್ಸಿನಲ್ಲಿ ಶವವನ್ನು ಊರಿಗೆ ಒಯ್ದರು.

ಕೆಲವು ದಿನ ನಾನು ಆ ದಾಖಲೆಯನ್ನು ತೆರೆಯಲಿಲ್ಲ. ತೆರೆದಾಗ ಮೊದಲು ನೋಡಿದ್ದು ಗಾಳಿಯ ದಿಕ್ಕು. ಮಾಡಲೇಬೇಕಾದ ಕೆಲಸ ಅದು. ಅನಿಲ ಎಲ್ಲಿಂದ ಬಂತು ಎಂದು ತಿಳಿಯದೆ ಮುಂದೆ ಹೋಗುವಂತಿಲ್ಲ. ಗಾಳಿ ಬಂದದ್ದು ಬಯಲಿನ ಕಡೆಯಿಂದ. ದಿಬ್ಬ ಕಾಣಿಸಿದ್ದು ಕಿಟಕಿ ಅದುರಿಸಿದ ಆ ಸಿಡಿಲಿನ ನಂತರ, ಬಯಲಿನಿಂದ ತಾರಸಿಗೆ ಗಾಳಿ ತೇಲಿಬರಲು ಬೇಕಾಗುವಷ್ಟು ಹೊತ್ತು ಕಳೆದ ಮೇಲೆ. ಅದು ಆ ಹುಣಸೆಮರದ ಸಿಡಿಲೇ ಎಂದು ಹೇಳಲು ನನ್ನ ಬಳಿ ಆಧಾರವಿರಲಿಲ್ಲ. ಆ ಮಳೆಯಲ್ಲಿ ಸಿಡಿಲುಗಳು ಬೇರೆಯೂ ಬಿದ್ದಿದ್ದವು. ಅಲ್ಲವೆಂದು ಹೇಳಲೂ ಆಧಾರವಿರಲಿಲ್ಲ. ಇವತ್ತಿಗೂ ಇಲ್ಲ.

ಮುಖ್ಯಸ್ಥರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ಬಹಳ ಹೊತ್ತು ಗೆರೆಯನ್ನು ನೋಡಿದರು.

"ಇದು ಒಳ್ಳೆ ಅಳತೆ. ಒಂದೇ ಇದ್ರೆ ಯಾರೂ ಒಪ್ಪಲ್ಲ ಕಣಮ್ಮ. ಇನ್ನೂ ನಾಲ್ಕೈದು ಬೇಕು. ಮೇ ಮುಗಿಯೋದ್ರೊಳಗೆ ಇನ್ನೂ ಭಾನುವಾರಗಳಿವೆ, ಮುಂದಿನ ವರ್ಷಾನೂ ಇದೆ."

"ಸಾರ್, ಜನರೇಟರ್ ಆಫ್ ಮಾಡಿ ಅಂತ ನಾನು ಇನ್ನೊಂದ್ಸಲ ಕೇಳಲ್ಲ."

"ನೀನು ಏನೂ ತಪ್ಪು ಮಾಡಿಲ್ಲ."

"ಗೊತ್ತು ಸಾರ್. ತಪ್ಪಿನ ಮಾತಲ್ಲ. ಹೊಸದಾಗಿ ಬಂದ ಆಪರೇಟರ್ ಹತ್ರ ಹೋಗಿ, ಭಾನುವಾರ ನಿಮಗೆ ರಜಾ ಅಂತ ಹೇಳೋಕೆ ನನ್ನಿಂದ ಆಗಲ್ಲ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ವಾದ ಮಾಡುತ್ತಾರೆ ಎಂದುಕೊಂಡಿದ್ದೆ. ಮಾಡಲಿಲ್ಲ. "ಹಾಗಾದ್ರೆ ಇದೊಂದನ್ನೇ ಬರಿ. ಚಿಕ್ಕದಾಗಿ ಬರಿ," ಎಂದರು. ಅದರ ಅರ್ಥ ನನಗೆ ಗೊತ್ತಿತ್ತು. ದೊಡ್ಡ ಲೇಖನವಾಗಬೇಕಿದ್ದ ಎರಡು ವರ್ಷದ ದುಡಿಮೆ ಒಂದು ಸಣ್ಣ ಟಿಪ್ಪಣಿಯಾಗುತ್ತದೆ. ಮುಂದಿನ ವರ್ಷಕ್ಕೆ ಯೋಜನೆ ಮುಂದುವರಿಯುವುದಿಲ್ಲ. ಹಾಗೇ ಆಯಿತು.

ಜೂನ್ ಕೊನೆಗೆ ಯಂತ್ರಗಳನ್ನು ಇಳಿಸುವ ತಯಾರಿಯಲ್ಲಿದ್ದಾಗ ಅವನ ಹೆಂಡತಿ ಬಂದಳು. ಜನರೇಟರ್ ಕೋಣೆಯಲ್ಲಿ ಅವನ ಸಾಮಾನು ಉಳಿದಿತ್ತು: ಒಂದು ಟಿಫನ್ ಡಬ್ಬಿ, ಹಾಸಿ ಮಲಗುತ್ತಿದ್ದ ಚಾದರ, ಖಾಕಿ ಅಂಗಿ. ಅದನ್ನೆಲ್ಲ ಚೀಲಕ್ಕೆ ತುಂಬಿಕೊಂಡ ಮೇಲೆ ಜೊತೆಗೆ ಬಂದಿದ್ದ ತಮ್ಮನನ್ನು ಕೆಳಗೆ ನಿಲ್ಲಿಸಿ ತಾನೊಬ್ಬಳೇ ಮೆಟ್ಟಿಲು ಹತ್ತಿ ಬಂದಳು.

"ಮಿಷನ್ ಯಾದು ತೋರಸ್ರಿ ಅಕ್ಕಾರ. ನಮ್ಮನಿಯವ್ರು ಭಾಳ ಹೇಳ್ತಿದ್ರು."

ತೋರಿಸಿದೆ. ಪಂಪು ಇನ್ನೂ ಓಡುತ್ತಿತ್ತು. ಅವಳು ಪೆಟ್ಟಿಗೆಯ ಮೇಲೆ ಅಂಗೈಯಿಟ್ಟು ಅದರ ನಡುಕವನ್ನು ಸ್ವಲ್ಪ ಹೊತ್ತು ಮುಟ್ಟಿ ನೋಡಿದಳು. ನಾನು ಹೇಳಬೇಕಾಗಿದ್ದನ್ನು ಹೇಳಿಬಿಟ್ಟೆ.

"ಅಕ್ಕ, ಆ ಭಾನುವಾರ ಅವರಿಗೆ ರಜಾ ಕೊಟ್ಟಿದ್ದು ನಮ್ಮ ಕೆಲಸಕ್ಕೋಸ್ಕರ. ಜನರೇಟರ್ ಓಡಬಾರದು ಅಂತ ನಾನೇ ಕೇಳಿದ್ದೆ."

"ಗೊತ್ತದ್ರಿ," ಎಂದಳು. "ಮೇಡಮ್ಮಾರ ಮಿಷನ್ನಿನ ಸಲುವಾಗಿ ರಜಾ ಸಿಕ್ಕದ ಅಂತ ಅವ್ರೇ ಹೇಳಿದ್ರು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಹಗುರವಾಗುತ್ತಿತ್ತೇನೋ. ಆಮೇಲೆ ಕೇಳಿದಳು: "ಅವತ್ತ ಇದು ಏನು ನೋಡ್ತು?"

ಲ್ಯಾಪ್‌ಟಾಪ್ ತೆರೆದು ಆ ದಿನದ ಗೆರೆ ತೋರಿಸಿದೆ. ಸಿಡಿಲು ಗಾಳಿಯನ್ನೇ ಸುಡುತ್ತದೆ, ಸುಟ್ಟ ಗಾಳಿಯಿಂದ ಬೇರೆ ಅನಿಲ ಹುಟ್ಟುತ್ತದೆ, ಅದು ಬಂದದ್ದನ್ನು ಯಂತ್ರ ಇಲ್ಲಿ ಬರೆದಿದೆ ಎಂದು ನನಗೆ ತಿಳಿದಷ್ಟು ಸರಳವಾಗಿ ಹೇಳಿದೆ. ಅದು ಮಳೆಯ ಜೊತೆ ಇಳಿದು ಬೆಳೆಗೆ ಗೊಬ್ಬರವಾಗುತ್ತದೆ ಎಂದು ನಮ್ಮ ಪ್ರಯೋಗಾಲಯ ನೋಡಲು ಬರುವ ಶಾಲೆಯ ಮಕ್ಕಳಿಗೆ ಯಾವಾಗಲೂ ಹೇಳುತ್ತಿದ್ದೆ. ಅವಳ ಮುಂದೆ ಆ ಮಾತಿಗೆ ನಾಲಿಗೆ ಏಳಲಿಲ್ಲ.

ಅವಳು ಬಗ್ಗಿ ನೋಡಿದಳು. ಚಪ್ಪಟೆ ಗೆರೆ, ನಡುವೆ ಒಂದು ಪುಟ್ಟ ದಿಬ್ಬ, ಮತ್ತೆ ಚಪ್ಪಟೆ.

"ಇಷ್ಟ ಏನ್ರಿ?" ಎಂದಳು.

"ಇಷ್ಟೇ ಅಕ್ಕ."

ಅವಳು ತಲೆಯಾಡಿಸಿದಳು. ಚೀಲ ಎತ್ತಿಕೊಂಡು, ಊರಲ್ಲಿ ತವರುಮನೆಯಲ್ಲಿರುತ್ತೇನೆ ಎಂದು ಹೇಳಿ, ತಮ್ಮನ ಫೋನ್ ನಂಬರು ಕೊಟ್ಟು ಇಳಿದು ಹೋದಳು.

ಟಿಪ್ಪಣಿ ಬರೆಯುವುದು ಕಷ್ಟವಾಗಲಿಲ್ಲ. ಇಂಥ ಬರವಣಿಗೆಯಲ್ಲಿ ಮನುಷ್ಯರು ಬರುವುದಿಲ್ಲ. ಯಂತ್ರಗಳ ವಿವರ, ಅಳತೆಯ ಕ್ರಮ, ಗಾಳಿಯ ದಿಕ್ಕು, ಕೊನೆಗೆ ಒಂದು ವಾಕ್ಯ: ಅಳತೆಯ ವೇಳೆ ಕಟ್ಟಡದ ಜನರೇಟರ್ ಚಾಲನೆಯಲ್ಲಿರಲಿಲ್ಲ. ವಿಜ್ಞಾನ ಪತ್ರಿಕೆಯೊಂದಕ್ಕೆ ಕಳಿಸಿದೆವು. ಬಹಳ ಕಾಲದ ನಂತರ ಪರಿಶೀಲಕರ ಪ್ರಶ್ನೆಗಳು ಬಂದವು. ಯಾರೆಂದು ನಮಗೆ ತಿಳಿಯದ ಒಬ್ಬರು ಶ್ರದ್ಧೆಯಿಂದ ಓದಿದ್ದರು. ಅವರ ಪ್ರಶ್ನೆಗಳಲ್ಲಿ ಒಂದು ಹೀಗಿತ್ತು: ಜನರೇಟರ್ ಓಡುತ್ತಿರಲಿಲ್ಲ ಎಂದು ಲೇಖಕರಿಗೆ ಹೇಗೆ ಖಚಿತ?

ನ್ಯಾಯವಾದ ಪ್ರಶ್ನೆ. ಅವರ ಜಾಗದಲ್ಲಿದ್ದರೆ ನಾನೂ ಕೇಳುತ್ತಿದ್ದೆ. ಆ ಜನರೇಟರನ್ನು ಕೈಯಿಂದಲೇ ಚಾಲೂ ಮಾಡಬೇಕು, ಅದನ್ನು ಚಾಲೂ ಮಾಡುವ ಆಪರೇಟರ್ ಆ ದಿನ ರಜೆಯಲ್ಲಿದ್ದರು ಎಂದು ಉತ್ತರ ಬರೆದೆ. ಬರೆದ ಮೇಲೆ ಕಳಿಸಲು ಕೈ ಬರಲಿಲ್ಲ. ಅವನ ಬಗ್ಗೆ ಲೋಕಕ್ಕೆ ಒಂದು ವಾಕ್ಯ ಹೋಗುತ್ತಿದೆ, ಅದು ಅವಳಿಗೆ ತಿಳಿಯದೆ ಹೋಗಬಾರದು ಅನಿಸಿತು. ತಮ್ಮನ ನಂಬರಿಗೆ ಫೋನ್ ಮಾಡಿದೆ. ಅವಳನ್ನು ಹೊಲದಿಂದ ಕರೆಸಿದರು.

"ಅವರ ಬಗ್ಗೆ ಒಂದು ಮಾತು ಬರೀಬೇಕಾಗಿದೆ ಅಕ್ಕ. ಕೇಳಿಯೇ ಬರೆಯೋಣ ಅಂತ."

"ಏನಂತ ಬರೀತೀರಿ?"

"ಅವತ್ತು ಅವರು ರಜೆಯಲ್ಲಿದ್ರು ಅಂತ."

ಅವಳ ಹಿಂದೆ ಯಾರೋ ಎತ್ತುಗಳನ್ನು ಗದರುವುದು ಕೇಳಿಸುತ್ತಿತ್ತು.

"ಬರೀರಿ. ಸುಳ್ಳೇನಲ್ಲಲ್ರಿ, ರಜಾನೇ ಇತ್ತು," ಎಂದಳು. ಮತ್ತೆ ಹೇಳಿದಳು: "ಮೊದಲೆಲ್ಲ ಐತಾರ ಮನ್ಯಾಗ ಇರ್ತಿದ್ದಿಲ್ರಿ ಅವ್ರು. ಅವತ್ತ ಭಾಳ ಖುಷಿಲೆ ಎದ್ದಿದ್ರು. ತಾವೇ ಚಾ ಮಾಡಿ ನನ್ನ ಎಬ್ಬಿಸಿದ್ರು. ಅದೂ ಬರೀತೀರೇನ್ರಿ?"

ಪರಿಶೀಲಕರಿಗೆ ಕಳಿಸಿದ ಉತ್ತರದಲ್ಲಿ ಅದಕ್ಕೆ ಜಾಗವಿರಲಿಲ್ಲ. ಇಲ್ಲಿ ಬರೆದಿದ್ದೇನೆ.